ಟಂಕಸಾಲೆಯ ತಪ್ಪೋ, ಹೊರಗಿನ ಕೈವಾಡವೋ?

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಒಂದು ವಿಚಿತ್ರ ನಾಣ್ಯ ಬಂತು. ಅದರ ಒಂದು ಮುಖದಲ್ಲಿ ಅಕ್ಷರಗಳೆಲ್ಲ ತಿರುಗುಮುರುಗು, ಕನ್ನಡಿಯಲ್ಲಿ ಕಂಡ ಹಾಗೆ. ಉಬ್ಬಿರಬೇಕಾದ ಚಿತ್ರ ಒಳಕ್ಕೆ ಇಳಿದಿತ್ತು. ಟಂಕಸಾಲೆಯಲ್ಲೇ ಆದ ತಪ್ಪು ಇದು ಅಂದುಕೊಂಡು ಹಿಗ್ಗಿದೆ. ಹತ್ತಿಯಲ್ಲಿ ಸುತ್ತಿಟ್ಟೆ. ಸಿಕ್ಕಿದವರಿಗೆಲ್ಲ ತೋರಿಸಿದೆ. ಆ ನಾಣ್ಯದ ನಿಜವಾದ ಕಥೆ ಏನು ಅಂತ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನಾಣ್ಯ ಹೇಗೆ ಹುಟ್ಟುತ್ತದೆ ಅನ್ನೋದು ಗೊತ್ತಿರಬೇಕು.

ಟಂಕಸಾಲೆಗೆ ಲೋಹ ಉದ್ದನೆಯ ತಗಡಿನ ಸುರುಳಿಯಾಗಿ ಬರುತ್ತದೆ. ಯಂತ್ರ ಅದರಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತದೆ. ಬಿಲ್ಲೆಗಳನ್ನು ಕಾಯಿಸಿ ಮೆತ್ತಗೆ ಮಾಡಿ, ಅಂಚನ್ನು ಒತ್ತಿ ದಪ್ಪ ಮಾಡುತ್ತಾರೆ. ಆಮೇಲೆ ಒಂದೊಂದು ಬಿಲ್ಲೆಯೂ ಎರಡು ಉಕ್ಕಿನ ಅಚ್ಚುಗಳ ನಡುವೆ ಬಂದು ಕೂರುತ್ತದೆ. ಸುತ್ತ ಕಾಲರ್ ಎಂಬ ಉಕ್ಕಿನ ಬಳೆ. ಮೇಲಿನ ಅಚ್ಚು ಕೆಳಗಿಳಿದು ಒತ್ತುತ್ತದೆ, ಒಂದೇ ಏಟಿಗೆ ಎರಡೂ ಮುಖ ತಯಾರು. ಹೀಗೆ ನಿಮಿಷಕ್ಕೆ ನೂರಾರು ನಾಣ್ಯ ಬೀಳುತ್ತವೆ. ಆ ವೇಗದಲ್ಲಿ ಒಂದೆರಡು ಎಡವುವುದು ಸಹಜ, ಅಲ್ವಾ?

ವಿಚಿತ್ರವಾದ ನಾಣ್ಯ ಸಿಕ್ಕಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ದಾರಿಯಲ್ಲಿ ಎಲ್ಲಿ ತಪ್ಪಾಯಿತು? ಬಿಲ್ಲೆ ಕತ್ತರಿಸುವಾಗಲೋ, ಅಚ್ಚಿನಲ್ಲೋ, ಏಟು ಬೀಳುವಾಗಲೋ? ಮೂರರಲ್ಲಿ ಯಾವುದಕ್ಕೂ ಹೊಂದದಿದ್ದರೆ ಅದು ಟಂಕಸಾಲೆಯಿಂದ ಹೊರಬಂದ ಮೇಲೆ ಬಿದ್ದ ಪೆಟ್ಟು. ನಿಜ ಹೇಳಬೇಕೆಂದರೆ, ಜನ ತಂದು ತೋರಿಸುವುದರಲ್ಲಿ ಜಾಸ್ತಿ ಇಂಥವೇ.

ಅಂಚು ಕಚ್ಚಿದ ನಾಣ್ಯವನ್ನೇ ತೆಗೆದುಕೊಳ್ಳಿ. ಗ್ರಹಣ ಹಿಡಿದ ಚಂದ್ರನ ಹಾಗೆ ಒಂದು ಕಡೆ ಬಾಗಿದ ತುಂಡು ಇರುವುದಿಲ್ಲ. ತಗಡು ಸಾಕಷ್ಟು ಮುಂದೆ ಸರಿಯದಿದ್ದಾಗ, ಮೊದಲೇ ಕತ್ತರಿಸಿದ ತೂತಿನ ಮೇಲೆ ಮತ್ತೆ ಕತ್ತರಿ ಬಿದ್ದು ಹೀಗಾಗುತ್ತದೆ. ಇದನ್ನು ಯಾರಾದರೂ ಅರದಿಂದ ಉಜ್ಜಿ ಮಾಡಬಹುದಲ್ಲ ಎನ್ನುತ್ತೀರಾ? ಮಾಡುತ್ತಾರೆ. ಆದರೆ ಅವರು ನೋಡದ ಜಾಗ ಒಂದಿದೆ. ಕಚ್ಚಿದ ಭಾಗಕ್ಕೆ ನೇರ ಎದುರಿನ ಅಂಚನ್ನು ನೋಡಿ. ಅಂಚು ದಪ್ಪ ಮಾಡುವ ಯಂತ್ರ ಬಿಲ್ಲೆಯನ್ನು ಎರಡೂ ಕಡೆಯಿಂದ ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ನಿಜವಾದ ತಪ್ಪಿನಲ್ಲಿ ಎದುರಿನ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಇದಕ್ಕೆ ಬ್ಲೇಕ್ಸ್ಲಿ ಪರಿಣಾಮ ಎಂಬ ಹೆಸರಿದೆ. ಅರ ಹಿಡಿದವನಿಗೆ ಇದನ್ನು ಮಾಡಲಾಗುವುದಿಲ್ಲ.

ಇನ್ನು ಅಚ್ಚಿನ ತಪ್ಪುಗಳು. ಇಲ್ಲಿ ನೆನಪಿಡಬೇಕಾದದ್ದು ಇಷ್ಟೇ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬು. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿಗೆ ನುಗ್ಗಿ, ನಾಣ್ಯದ ಮೇಲೆ ಸಣ್ಣ ಗೆರೆಯಾಗಿ ಎದ್ದು ನಿಲ್ಲುತ್ತದೆ. ನಾಣ್ಯಕ್ಕೆ ಆಮೇಲೆ ಬಿದ್ದ ಗೀರು ಒಳಕ್ಕೆ ಇಳಿದಿರುತ್ತದೆ. ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಅಮೆರಿಕದ ಮೂರು ಕಾಲಿನ ಕಾಡೆಮ್ಮೆ. 1937ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಒಂದು ಅಚ್ಚಿನ ಮೇಲಿನ ಕಲೆ ತೆಗೆಯಲು ಅದನ್ನು ಉಜ್ಜಿದರು. ಉಜ್ಜಿದ್ದು ಜಾಸ್ತಿಯಾಯಿತು. ಐದು ಸೆಂಟಿನ ನಾಣ್ಯದ ಮೇಲಿದ್ದ ಕಾಡೆಮ್ಮೆಯ ಮುಂಗಾಲೊಂದು ಮಾಯ! ಬೆಲೆ ಬಂದದ್ದೇ ತಡ, ಮಾಮೂಲಿ ನಾಣ್ಯದ ಕಾಲು ಕೆರೆದು ಮಾರುವವರು ಹುಟ್ಟಿಕೊಂಡರು. ಆದರೆ ಅಸಲಿ ನಾಣ್ಯದಲ್ಲಿ ಕಾಡೆಮ್ಮೆಯ ಹೊಟ್ಟೆಯಿಂದ ನೆಲದವರೆಗೆ ಸಣ್ಣ ಸಣ್ಣ ಉಬ್ಬು ಚುಕ್ಕೆಗಳ ಸಾಲಿದೆ. ಅವು ಅಚ್ಚಿನಲ್ಲಿದ್ದ ಗುಳಿಗಳ ಗುರುತು. ಕಾಲು ಕೆರೆದು ತೆಗೆಯಬಹುದು. ಆದರೆ ಕೆರೆದು ಚುಕ್ಕೆ ಎಬ್ಬಿಸಲು ಬರುತ್ತದೆಯೇ?

ಎರಡೆರಡಾಗಿ ಕಾಣುವ ಅಕ್ಷರಗಳ ವಿಷಯ ಸ್ವಲ್ಪ ಸೂಕ್ಷ್ಮ. ಹಿಂದೆ ಅಚ್ಚಿನ ಮೇಲೆ ಚಿತ್ರ ಮೂಡಿಸಲು ಮೂಲ ಪಡಿಯಚ್ಚನ್ನು, ಅಂದರೆ ನಾಣ್ಯದ ಹಾಗೇ ಚಿತ್ರ ಉಬ್ಬಿರುವ ಉಕ್ಕಿನ ತುಂಡನ್ನು, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಎರಡನೇ ಸಲ ಅದು ಕೂದಲೆಳೆಯಷ್ಟು ತಿರುಗಿದ್ದರೂ ಅಚ್ಚಿನಲ್ಲೇ ಜೋಡಿ ಅಕ್ಷರ ಮೂಡುತ್ತದೆ. ಆ ಅಚ್ಚಿನ ಪ್ರತಿ ನಾಣ್ಯಕ್ಕೂ ಅದೇ ತಪ್ಪು. 1955ರ ಅಮೆರಿಕದ ಒಂದು ಸೆಂಟ್ ಇದಕ್ಕೆ ಹೆಸರುವಾಸಿ. ಫಿಲಡೆಲ್ಫಿಯಾದಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಅಂಥ 20,000ಕ್ಕೂ ಹೆಚ್ಚು ನಾಣ್ಯಗಳು ಬೇರೆ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಆರಿಸುವುದು ಯಾರು? ಹಾಗೇ ಹೊರಗೆ ಬಿಟ್ಟರು. ಅದರಲ್ಲಿ ಇಸವಿ, ಅಕ್ಷರ ಎಲ್ಲ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ.

ಆದರೆ ಜೋಡಿಯಾಗಿ ಕಂಡದ್ದೆಲ್ಲ ಇದೇ ಅಲ್ಲ. ಸಡಿಲಾದ ಅಚ್ಚು ಏಟು ಬಿದ್ದ ಕೂಡಲೇ ಅಲುಗಿ, ಆಗಷ್ಟೇ ಮೂಡಿದ ಅಕ್ಷರವನ್ನು ಪಕ್ಕಕ್ಕೆ ತಳ್ಳಬಹುದು. ಆಗ ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲು ಬೀಳುತ್ತದೆ, ಅಕ್ಷರ ಸಣ್ಣಗಾಗುತ್ತದೆ. ನಿಜವಾದ ಜೋಡಿ ಅಚ್ಚಿನಲ್ಲಿ ಅಕ್ಷರ ಅಗಲವಾಗುತ್ತದೆ, ತುದಿಗಳು ಸೀಳಿರುತ್ತವೆ, ಎರಡೂ ಪ್ರತಿ ದುಂಡಗೆ ಉಬ್ಬಿರುತ್ತವೆ. ಮೆಟ್ಟಿಲಿನ ನಾಣ್ಯ ಎಲ್ಲೆಂದರಲ್ಲಿ ಸಿಗುತ್ತದೆ. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಬೇರೆ ಲೋಹದ ಬಿಲ್ಲೆಯ ಮೇಲೆ ಅಚ್ಚು ಬೀಳುವುದೂ ಉಂಟು. ಮಹಾಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ 1943ರಲ್ಲಿ ಅಮೆರಿಕ ಒಂದು ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿತು. ಹಿಂದಿನ ವರ್ಷದ ಕೆಲವೇ ತಾಮ್ರದ ಬಿಲ್ಲೆಗಳು ಯಂತ್ರದಲ್ಲಿ ಉಳಿದು ಅಚ್ಚಾದವು. ಉಕ್ಕಿನ ನಾಣ್ಯಕ್ಕೆ ತಾಮ್ರ ಬಳಿದು ಮೋಸ ಮಾಡುವವರು ಎಷ್ಟು ಜನವೋ! ಇಲ್ಲಿ ಭೂತಗನ್ನಡಿಯೂ ಬೇಡ, ಅಯಸ್ಕಾಂತ ಸಾಕು. ಅಂಟಿಕೊಂಡರೆ ಒಳಗೆ ಉಕ್ಕು. ತೂಕವೂ ಹೇಳುತ್ತದೆ. ತಾಮ್ರದ್ದು 3.11 ಗ್ರಾಂ, ಉಕ್ಕಿನದು ಸುಮಾರು 2.7 ಗ್ರಾಂ. ಇನ್ನೂ ಜಾಣರು 1948ರ ತಾಮ್ರದ ಸೆಂಟಿನ 8ನ್ನು ಕೆರೆದು 3 ಮಾಡುತ್ತಾರೆ. ಅಲ್ಲಿ ಅಯಸ್ಕಾಂತ ನಡೆಯುವುದಿಲ್ಲ, ಮತ್ತೆ ಭೂತಗನ್ನಡಿಯೇ ಗತಿ.

ಹೊಂದದ ಎರಡು ಅಚ್ಚುಗಳು ಜೊತೆಯಾದರೆ ಹುಟ್ಟುವ ನಾಣ್ಯವನ್ನು ಇಂಗ್ಲಿಷಿನಲ್ಲಿ ಮ್ಯೂಲ್, ಅಂದರೆ ಹೇಸರಗತ್ತೆ ಎನ್ನುತ್ತಾರೆ. 2008ರಲ್ಲಿ ಬ್ರಿಟನ್ 20 ಪೆನ್ಸ್ ನಾಣ್ಯದ ವಿನ್ಯಾಸ ಬದಲಿಸಿತು. ಇಸವಿ ಹಿಂಬದಿಯಿಂದ ರಾಣಿಯ ಮುಖದ ಕಡೆಗೆ ಬಂತು. ಹೊಸ ಹಿಂಬದಿಗೆ ಹಳೆಯ ಮುಖದ ಅಚ್ಚು ಜೋಡಿಯಾಗಿ, ಇಸವಿಯೇ ಇಲ್ಲದ ನಾಣ್ಯ ಜನರ ಜೇಬು ಸೇರಿತು.

ಈಗ ನನ್ನ ಕನ್ನಡಿ ನಾಣ್ಯಕ್ಕೆ ಬರೋಣ. ಇಂಥದ್ದು ಟಂಕಸಾಲೆಯಲ್ಲಿ ನಿಜವಾಗಿಯೂ ಆಗುತ್ತದೆ. ಅಚ್ಚಾದ ನಾಣ್ಯ ಕೆಳಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಚಿತ್ರ ತಿರುಗಿ ಒಳಕ್ಕೆ ಇಳಿಯುತ್ತದೆ. ಇದಕ್ಕೆ ಬ್ರಾಕೇಜ್ ಎನ್ನುತ್ತಾರೆ. ಆದರೆ ಆ ಮುಖ ಎಂದೂ ಸರಿಯಾದ ಅಚ್ಚನ್ನು ಕಂಡಿರುವುದಿಲ್ಲ. ಹಾಗಾಗಿ ಕನ್ನಡಿ ಚಿತ್ರದ ಅಡಿಯಲ್ಲಿ ಬೇರೇನೂ ಇರಬಾರದು. ಇನ್ನೊಂದು ಮುಖ ನಿಜವಾದ ಅಚ್ಚಿಗೆ ಒತ್ತಿದ್ದರಿಂದ ಅಲ್ಲಿ ಚಿತ್ರ ಎಂದಿನಂತೆ ಉಬ್ಬಿರಬೇಕು.

ನನ್ನದರಲ್ಲಿ? ಒಂದು ಸಂಜೆ ದೀಪವನ್ನು ಪಕ್ಕಕ್ಕಿಟ್ಟು ನೋಡಿದೆ. ತಿರುಗಿದ ಅಕ್ಷರಗಳ ನಡುವೆ ಮೊದಲಿನ ಅಕ್ಷರಗಳ ಅಳಿದುಳಿದ ತುಂಡುಗಳು ಕಂಡವು. ತಿರುಗಿಸಿದೆ. ಆ ಕಡೆಯ ಚಿತ್ರ ತಟ್ಟಿದ ಹಾಗೆ ಚಪ್ಪಟೆ. ಯಾರೋ ಎರಡು ನಾಣ್ಯ ಜೋಡಿಸಿ, ಹಿಡಿಕದಲ್ಲಿಟ್ಟು ಬಿಗಿದಿದ್ದರು. ಅಷ್ಟು ದಿನ ಆ ಇನ್ನೊಂದು ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ನಿಮಗೆ ವಿಚಿತ್ರ ನಾಣ್ಯ ಸಿಕ್ಕರೆ ಅಂಚಿನಲ್ಲಿ ಹಿಡಿಯಿರಿ. ತೊಳೆಯಬೇಡಿ, ಉಜ್ಜಬೇಡಿ, ಹೊಳಪಿನ ಜೊತೆ ಗುರುತುಗಳೂ ಹೋಗುತ್ತವೆ. ಅದೇ ಬಗೆಯ ಒಂದು ಮಾಮೂಲಿ ನಾಣ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎರಡನ್ನೂ ತೂಗಿ ನೋಡಿ. ಎರಡೂ ಮುಖ ನೋಡಿ, ಅಂಚನ್ನೂ ನೋಡಿ.

ನಮಸ್ಕಾರ.