ಇದ್ದಲ್ಲಿ, ಇದ್ದಂತೆ: ಬ್ಯಾಂಕ್ ಹರಾಜಿನ ಮನೆ ಕೊಳ್ಳುವ ಮುನ್ನ

ಸಭಿಕರೇ,

ಬ್ಯಾಂಕಿನ ಹರಾಜು ಪ್ರಕಟಣೆಯನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಮೀಸಲು ಬೆಲೆಯ, ಅಂದರೆ ಕೂಗು ಶುರುವಾಗುವ ಕನಿಷ್ಠ ಬೆಲೆಯ, ಮೇಲೆ. ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ 30-40ರ ನಿವೇಶನ, ಅದರ ಮೇಲೆ ಎರಡು ಅಂತಸ್ತಿನ ಮನೆ, ಸುತ್ತಲಿನ ದರಕ್ಕಿಂತ ಹತ್ತಾರು ಲಕ್ಷ ಕಡಿಮೆ. ಅದೇ ಪ್ರಕಟಣೆಯ ಸಣ್ಣಕ್ಷರಗಳಲ್ಲಿ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು' ಎಂಬ ಷರತ್ತೂ ಇರುತ್ತದೆ. ಬೆಲೆ ಇಳಿದಿರುವುದಕ್ಕೆ ಕಾರಣ ಬಹುಮಟ್ಟಿಗೆ ಅಲ್ಲಿದೆ: ಆಸ್ತಿಯ ಪೂರ್ವಾಪರ ವಿಚಾರಿಸುವ ಹೊಣೆಯನ್ನೂ, ವಿಚಾರಿಸದೆ ಆಗುವ ನಷ್ಟವನ್ನೂ ಬ್ಯಾಂಕು ಕೊಳ್ಳುವವರ ಹೆಗಲಿಗೆ ದಾಟಿಸಿರುತ್ತದೆ.

ನಾನಿಲ್ಲಿ ಹೇಳುತ್ತಿರುವುದು 2002ರ ಸರ್ಫೇಸಿ ಕಾಯ್ದೆಯಡಿ ನಡೆಯುವ ಹರಾಜುಗಳ ವಿಚಾರ. ಸಾಲ ಸುಸ್ತಿಯಾದಾಗ 60 ದಿನಗಳ ನೋಟಿಸು ಕೊಟ್ಟು, ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ಮಾರುವ ಅಧಿಕಾರವನ್ನು ಇದು ಬ್ಯಾಂಕಿಗೆ ಕೊಟ್ಟಿದೆ.

ಮೊದಲು ಹಣದ ಗಡುವು. ಹರಾಜು ನಿಮ್ಮ ಹೆಸರಿಗೆ ನಿಂತರೆ ಅಂದೇ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ, ಮುಂಗಡ ಠೇವಣಿಯೂ ಸೇರಿ ಮಾರಾಟದ ಬೆಲೆಯ ಶೇ 25ರಷ್ಟು ಕಟ್ಟಬೇಕು. ಉಳಿದ ಶೇ 75ಕ್ಕೆ ಮಾರಾಟ ದೃಢಪಟ್ಟಲ್ಲಿಂದ 15 ದಿನ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಹೆಚ್ಚೆಂದರೆ ಮೂರು ತಿಂಗಳು. ಗೃಹಸಾಲ ಮಂಜೂರಾದೀತೆಂದು ನಂಬಿ ಕೂಗಿದವರು ಇಲ್ಲಿ ಎಡವುತ್ತಾರೆ. ಬಾಕಿ ಕಟ್ಟಲಾಗದಿದ್ದರೆ ಶೇ 25 ಪೂರ್ತಿ ಮುಟ್ಟುಗೋಲಾಗುತ್ತದೆ, ಮತ್ತು ಇದು ಸರಿಯೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಋಣಭಾರ ಪತ್ರ (ಇಸಿ) ತೆಗೆಸಿದ್ದೇನೆ, ಅದು ಸ್ವಚ್ಛವಾಗಿದೆ ಎಂದು ಹಲವರು ಧೈರ್ಯವಾಗಿರುತ್ತಾರೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಆಸ್ತಿ ಪಿತ್ರಾರ್ಜಿತವಾಗಿದ್ದು, ಸಾಲಗಾರನ ಅಕ್ಕತಂಗಿಯರು ಪಾಲಿಗಾಗಿ ದಾವೆ ಹೂಡಿದ್ದರೆ ಅದು ಇಸಿಯಲ್ಲಿ ಕಾಣುವುದೆಂಬ ಭರವಸೆಯಿಲ್ಲ. ಕಂದಾಯದ ಬಾಕಿ, ಅಪಾರ್ಟ್‌ಮೆಂಟಾದರೆ ಸಂಘದ ನಿರ್ವಹಣಾ ಶುಲ್ಕ, ಬಿ ಖಾತೆಯ (ನಿಯಮಬದ್ಧವಲ್ಲದ ಆಸ್ತಿಗಳನ್ನು ಪಾಲಿಕೆ ಪ್ರತ್ಯೇಕವಾಗಿ ದಾಖಲಿಸುವ ಖಾತೆಯ) ತೊಡಕು, ಇವನ್ನೂ ವಿಚಾರಿಸಿಯೇ ತಿಳಿಯಬೇಕು. ಹಳೆಯ ವಿದ್ಯುತ್ ಬಾಕಿಯನ್ನು ಕೂಡ, ನಿಯಮಗಳಲ್ಲಿ ಅವಕಾಶವಿದ್ದರೆ, ಹೊಸ ಮಾಲೀಕರಿಂದ ಕೇಳಬಹುದೆಂಬುದು 2023ರ ಸುಪ್ರೀಂ ಕೋರ್ಟ್ ತೀರ್ಪು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಸ್ವಾಧೀನದ್ದು. ಪರಿಚಿತರೊಬ್ಬರ ಜೊತೆ ಇಂಥದ್ದೊಂದು ಮನೆ ನೋಡಲು ಹೋಗಿದ್ದೆ. ಕಾಂಪೌಂಡಿಗೆ ಅಂಟಿಸಿದ್ದ ನೋಟಿಸು ಮಳೆಗೆ ಅರ್ಧ ಕಿತ್ತುಹೋಗಿತ್ತು. ಬಾಗಿಲಲ್ಲಿ ಅಂದಿನದೇ ರಂಗೋಲಿ, ಮಹಡಿಯ ತಂತಿಯ ಮೇಲೆ ಶಾಲೆಯ ಸಮವಸ್ತ್ರ, ಗೋಡೆಯಲ್ಲಿ ಎರಡು ಕರೆಂಟ್ ಮೀಟರು. ಒಳಗಿನಿಂದ ಬಂದ ಹೆಂಗಸು "ಯಾರು ಬೇಕಿತ್ತು?" ಎಂದು ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ. ಪ್ರಕಟಣೆಯಲ್ಲಿದ್ದ 'ಸಾಂಕೇತಿಕ ಸ್ವಾಧೀನ' ಎಂದರೆ ಇದೇ: ಬ್ಯಾಂಕಿನ ಕೈಗೆ ಬಂದಿರುವುದು ಕಾಗದ, ಬೀಗದ ಕೈ ಇನ್ನೂ ಒಳಗಿದ್ದವರ ಸೊಂಟದಲ್ಲಿದೆ.

ಅವರನ್ನು ತೆರವುಗೊಳಿಸಲು ಬ್ಯಾಂಕು ಸೆಕ್ಷನ್ 14ರಡಿ ಮುಖ್ಯ ಮೆಟ್ರೋಪಾಲಿಟನ್ ಮ್ಯಾಜಿಸ್ಟ್ರೇಟರಿಗೆ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಆದೇಶಕ್ಕೆ ಕಾಯ್ದೆ 30 ದಿನ, ಒಟ್ಟಾರೆ 60 ದಿನ ಎನ್ನುತ್ತದೆ. ಅಷ್ಟರಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕುವುದು ಜಾಣತನವಲ್ಲ. ಎರಡನೆಯ ಮೀಟರಿನವರು ಭೋಗ್ಯಕ್ಕಿದ್ದರೆ ಸಂಕಟ ಇನ್ನೊಂದು ಬಗೆಯದು. ಹಲವು ಲಕ್ಷವನ್ನು ಒಟ್ಟಿಗೆ ಮಾಲೀಕನ ಕೈಗಿತ್ತು ಬಂದ ಕುಟುಂಬ ಅದು. ಕರಾರು ನೋಂದಣಿಯಾಗಿರದಿದ್ದರೆ ಕಾನೂನಿನ ಆಸರೆ ತೆಳುವಾಗಿರಬಹುದು, ಆದರೆ ಹಣ ಕೈಸೇರದೆ ಅವರು ಸುಮ್ಮನೆ ಎದ್ದುಹೋಗುವುದಿಲ್ಲ. ಅವರನ್ನು ದೂಷಿಸಲು ನನಗಂತೂ ಮನಸ್ಸಾಗುವುದಿಲ್ಲ.

ಬ್ಯಾಂಕಿನ ಕ್ರಮದ ವಿರುದ್ಧ ಸಾಲಗಾರನು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಹೋಗಬಹುದು. ನೋಟಿಸಿನಲ್ಲಿ ಲೋಪ ಕಂಡುಬಂದರೆ ಮಾರಾಟವೇ ರದ್ದಾಗಬಹುದು. ಕೊಟ್ಟ ಹಣ ಹಿಂದಿರುಗುವವರೆಗೆ ಕೊಂಡವರು ತಮ್ಮ ಸಾಲದ ಕಂತು ಕಟ್ಟುತ್ತಲೇ ಇರಬೇಕಾಗುತ್ತದೆ.

ನನ್ನ ಪರಿಚಿತರು ಹರಾಜು ನಡೆಸುವ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಪತ್ರ ಬರೆದು ಮೂರು ಪ್ರಶ್ನೆ ಕೇಳಿದರು: ಒಳಗೆ ಯಾರಿದ್ದಾರೆ, ಸೆಕ್ಷನ್ 14ರ ಅರ್ಜಿ ಯಾವ ಹಂತದಲ್ಲಿದೆ, ಡಿಆರ್‌ಟಿಯಲ್ಲಿ ಪ್ರಕರಣವಿದೆಯೇ. ಮೊದಲೆರಡಕ್ಕೆ ಫೋನಿನಲ್ಲಿ ಉತ್ತರ ಬಂತು. ಮೂರನೆಯದಕ್ಕೆ ಕಾಯುತ್ತಿರುವಾಗಲೇ ಠೇವಣಿ ಕಟ್ಟುವ ಕೊನೆಯ ದಿನ ಕಳೆಯಿತು.