ಸರ್ಕಾರಿ ಆಡಳಿತದ ಸಂಶೋಧನೆ ಯಾವ ಕಡೆ ಹೊರಟಿದೆ?

[ತೆರೆಯ ಮೇಲೆ: ಕಪಾಟಿನಲ್ಲಿ ಸಾಲಾಗಿ ಜರ್ನಲ್‌ಗಳು]

ನಮಸ್ಕಾರ. ಸರ್ಕಾರಿ ಕಚೇರಿಗಳು ಹೇಗೆ ಕೆಲಸ ಮಾಡುತ್ತವೆ ಎಂದು ಅಧ್ಯಯನ ಮಾಡುವ ಕ್ಷೇತ್ರ ಪಬ್ಲಿಕ್ ಮ್ಯಾನೇಜ್‌ಮೆಂಟ್. ಅದರ ಹಳೆಯ, ಹೊಸ ಜರ್ನಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆಗಳೇ ಬದಲಾಗಿವೆ.

‘ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ರಿವ್ಯೂ’ ಎಂಬ ಜರ್ನಲ್ ಶುರುವಾಗಿದ್ದು 1940ರಲ್ಲಿ. ಆಗ ಅದರಲ್ಲಿ ಅಧಿಕಾರಿಗಳೂ ಬರೆಯುತ್ತಿದ್ದರು. ಈಗ ಬರೆಯುವವರು ಹೆಚ್ಚಾಗಿ ವಿಶ್ವವಿದ್ಯಾಲಯದವರು. ಇದು ನಷ್ಟವೇ ಅಂತ ನನಗನಿಸುತ್ತದೆ.

[ತೆರೆಯ ಮೇಲೆ: 1991]

1991ರಲ್ಲಿ ಸಂಶೋಧಕ ಕ್ರಿಸ್ಟೋಫರ್ ಹುಡ್ ಒಂದು ಲೇಖನದಲ್ಲಿ ‘ನ್ಯೂ ಪಬ್ಲಿಕ್ ಮ್ಯಾನೇಜ್‌ಮೆಂಟ್’ ಏನೆಂದು ಬಿಡಿಸಿ ಹೇಳಿದರು. ಖಾಸಗಿ ಕಂಪನಿಗಳ ಹಾಗೆ ಸರ್ಕಾರದಲ್ಲೂ ಗುರಿ, ಸ್ಪರ್ಧೆ, ಗುತ್ತಿಗೆ. ಆಮೇಲೆ ಎಷ್ಟೋ ವರ್ಷ ಎಲ್ಲೆಲ್ಲೂ ಇದೇ ಚರ್ಚೆ.

ಇನ್ನೊಂದು ಎಳೆ ಇದೆ, ನನಗೆ ಇದೇ ಹೆಚ್ಚು ಇಷ್ಟ. ಜನರಿಗೆ ಒಳ್ಳೆಯದಾಗಲಿ ಎಂಬ ಆಸೆಯಿಂದಲೂ ಕೆಲವರು ಸರ್ಕಾರಿ ಕೆಲಸಕ್ಕೆ ಬರುತ್ತಾರೆ ಎಂದು 1990ರಲ್ಲಿ ಸಂಶೋಧಕರಾದ ಜೇಮ್ಸ್ ಪೆರಿ ಮತ್ತು ಲೋಯಿಸ್ ವೈಸ್ ಬರೆದರು. 1996ರಲ್ಲಿ ಪೆರಿ ಆ ಆಸೆಯನ್ನು ಅಳೆಯುವ ಪ್ರಶ್ನಾವಳಿಯನ್ನೂ ಕೊಟ್ಟರು. ಅಷ್ಟು ಸಾಕಾಯಿತು, ಪ್ರಬಂಧಗಳ ಮೇಲೆ ಪ್ರಬಂಧ ಬಂದವು. ಅಳೆಯಲು ಸುಲಭವಾದದ್ದರ ಬಗ್ಗೆ ಸಂಶೋಧನೆ ಜಾಸ್ತಿ ಆಗುತ್ತದೆ, ಅಲ್ವಾ?

ತೊಂದರೆಯೂ ಅಲ್ಲೇ ಇತ್ತು. ‘ನನಗೆ ಸೇವಾ ಮನೋಭಾವ ಇದೆ’ ಎಂದು ಟಿಕ್ ಹಾಕುವವರೇ ‘ನಾನು ಚೆನ್ನಾಗಿ ಕೆಲಸ ಮಾಡುತ್ತೇನೆ’ ಎಂದೂ ಟಿಕ್ ಹಾಕುತ್ತಾರೆ. ಎರಡಕ್ಕೂ ನಂಟಿದೆ ಎಂದರೆ ಎಷ್ಟು ನಂಬುವುದು? ಹೀಗಾಗಿ ಕಳೆದ ದಶಕದಿಂದ ಪ್ರಯೋಗಗಳು ಹೆಚ್ಚಾದವು. ಅರ್ಧ ಜನರಿಗೆ ಒಂದು ಪತ್ರ, ಉಳಿದವರಿಗೆ ಸ್ವಲ್ಪ ಬದಲಿಸಿದ ಪತ್ರ. ಯಾರು ಹೇಗೆ ಸ್ಪಂದಿಸುತ್ತಾರೆ ಎಂದು ಹೋಲಿಸುವುದು. ಮನಶ್ಶಾಸ್ತ್ರದಿಂದ ಬಂದ ಈ ದಾರಿಗೆ 2018ರಲ್ಲಿ ಪ್ರತ್ಯೇಕ ಜರ್ನಲ್ಲೇ ಹುಟ್ಟಿತು.

ಉತ್ತರಗಳು ಗಟ್ಟಿಯಾದವು, ನಿಜ. ಆದರೆ ಪ್ರಶ್ನೆಗಳು ಚಿಕ್ಕದಾದವು. ಪತ್ರದ ಒಂದು ಸಾಲನ್ನು ಪರೀಕ್ಷಿಸಬಹುದು. ಇಡೀ ಇಲಾಖೆ ಯಾಕೆ ಕುಸಿಯಿತು ಎಂಬುದನ್ನು ಹಾಗೆ ಪರೀಕ್ಷಿಸಲು ಆಗುವುದಿಲ್ಲ.

[ತೆರೆಯ ಮೇಲೆ: ಕೌಂಟರ್ ಮುಂದೆ ಸಾಲು]

ಇತ್ತೀಚೆಗೆ ಬೆಳೆಯುತ್ತಿರುವ ಇನ್ನೊಂದು ವಿಷಯ, ಆಡಳಿತ ಜನರ ಮೇಲೆ ಹೊರಿಸುವ ಹೊರೆ. ಸೌಲಭ್ಯ ಇದೆಯೆಂದು ತಿಳಿಯುವ ಕಷ್ಟ, ದಾಖಲೆ ಹೊಂದಿಸುವ ಕಷ್ಟ, ಅದರ ಜೊತೆಗೆ ಅವಮಾನ, ಆತಂಕ. ಅರ್ಹರಾದವರೂ ಯಾಕೆ ಅರ್ಜಿ ಹಾಕದೆ ಉಳಿಯುತ್ತಾರೆ ಎನ್ನುವುದಕ್ಕೆ ಇಲ್ಲಿ ಉತ್ತರ ಸಿಗುತ್ತಿದೆ.

ಆದರೆ ಪ್ರಮುಖ ಜರ್ನಲ್‌ಗಳಲ್ಲಿ ಬರುವ ಅಧ್ಯಯನಗಳಲ್ಲಿ ದೊಡ್ಡ ಪಾಲು ಅಮೆರಿಕ ಮತ್ತು ಯುರೋಪಿನದು. ಸಾಲು ಅತಿ ಉದ್ದವಾಗಿರುವ ಬಡ ದೇಶಗಳ ಕೌಂಟರ್‌ಗಳ ಬಗ್ಗೆ ಅಲ್ಲಿ ಬರುವುದು ಇನ್ನೂ ಕಡಿಮೆ.