6ನೇ ನಂಬರ್ ಹುಡುಗ, 201ನೇ ನಂಬರ್ ಹುಡುಗ: ರೆಡ್ ವಿಂಗ್ಸ್‌ನ ಪ್ರಾಸ್ಪೆಕ್ಟ್‌ಗಳನ್ನು ಅಳೆಯೋದು ಹೇಗೆ?

(ಸ್ಕ್ರೀನ್ ಮೇಲೆ: ಹಳೆಯ ನೋಟ್‌ಬುಕ್‌ನ ಒಂದು ಪುಟ, ಮೂಲೆಯಲ್ಲಿ ಕಾಫಿ ಕಲೆ)

ನಮಸ್ಕಾರ. ಈ ಪುಟ ನನ್ನದೇ. 2018ರ ಬೇಸಿಗೆಯಲ್ಲಿ ಬರೆದದ್ದು. ಅಮೆರಿಕದ ಐಸ್ ಹಾಕಿ ತಂಡ ಡೆಟ್ರಾಯಿಟ್ ರೆಡ್ ವಿಂಗ್ಸ್‌ನ ಎಳೆ ಹುಡುಗರ ಪಟ್ಟಿ, ಒಬ್ಬೊಬ್ಬರಿಗೂ ನಾನೇ ನಂಬರ್ ಕೊಟ್ಟಿದ್ದೆ. ಮೊದಲನೇ ಹೆಸರು ಫಿಲಿಪ್ ಜದಿನಾ. ಪಕ್ಕದಲ್ಲಿ "ವರ್ಷಕ್ಕೆ 35 ಗೋಲು ಗ್ಯಾರಂಟಿ" ಅಂತ ಬೇರೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಜದಿನಾ ಡೆಟ್ರಾಯಿಟ್‌ಗೆ ಆಡಿದ್ದು 190 ಪಂದ್ಯ. ಹೊಡೆದದ್ದು 28 ಗೋಲು. ವರ್ಷಕ್ಕಲ್ಲ, ಎಲ್ಲ ಸೇರಿ.

ಈ ಪುಟವನ್ನು ಹರಿದು ಬಿಸಾಡಬಹುದಿತ್ತು. ಆದರೆ ಇಟ್ಟುಕೊಂಡಿದ್ದೇನೆ. ಒಂದು ತಂಡದ ಪ್ರಾಸ್ಪೆಕ್ಟ್‌ಗಳನ್ನು, ಅಂದರೆ ತಂಡದ ಕೈಯಲ್ಲಿದ್ದೂ ಇನ್ನೂ ದೊಡ್ಡ ಆಟದಲ್ಲಿ ನೆಲೆ ನಿಲ್ಲದ ಹುಡುಗರನ್ನು ಅಳೆಯುವಾಗ ಏನೇನು ಎಡವಟ್ಟು ಮಾಡಬಹುದೋ ಅದರಲ್ಲಿ ಮುಕ್ಕಾಲು ಭಾಗ ಈ ಒಂದೇ ಪುಟದಲ್ಲಿದೆ.

ಹಾಕಿ ಅಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರೋದು ಕೊಡಗು ಅಲ್ವಾ? 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ, ಮೈದಾನದ ಸುತ್ತ ಊರಿಗೆ ಊರೇ. ಇದು ಆ ಹಾಕಿ ಅಲ್ಲ. ಇದು ಐಸ್ ಮೇಲೆ, ಚೆಂಡಿನ ಬದಲು ಪಕ್ ಅನ್ನೋ ಕಪ್ಪು ರಬ್ಬರ್ ಬಿಲ್ಲೆಯಲ್ಲಿ ಆಡೋ ಆಟ. ಡೆಟ್ರಾಯಿಟ್ ಇರೋ ಮಿಶಿಗನ್ ರಾಜ್ಯಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಆಫೀಸಿನವರು ಕರೆದುಕೊಂಡು ಹೋಗಿದ್ದರು. ಆ ಬಿಲ್ಲೆ ಎಲ್ಲಿದೆ ಅಂತ ಕಣ್ಣಿಗೆ ಹತ್ತೋಕೇ ನನಗೆ ಎರಡು ಪಂದ್ಯ ಬೇಕಾಯಿತು.

(ಸ್ಕ್ರೀನ್ ಮೇಲೆ: 32 ತಂಡ, 7 ಸುತ್ತು, 224 ಹೆಸರು)

ಎನ್‌ಎಚ್‌ಎಲ್ ಅಂದರೆ ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್. ಅದರಲ್ಲಿ 32 ತಂಡಗಳು. ವರ್ಷಕ್ಕೊಮ್ಮೆ ಡ್ರಾಫ್ಟ್, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳೋದು. ಹೆಚ್ಚಿನ ಹುಡುಗರಿಗೆ 18 ವರ್ಷ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ದುಡ್ಡು ಕೂಗೋದಿಲ್ಲ, ಸರದಿ ಬಂದಾಗ ಒಂದು ಹೆಸರು ಹೇಳಬೇಕು, ಅಷ್ಟೇ. ಸೋತವರಿಗೆ ಮೊದಲ ಸರದಿ ಸಿಗೋ ಸಾಧ್ಯತೆ ಜಾಸ್ತಿ, ಆದರೆ ನಡುವೆ ಲಾಟರಿ ಇದೆ. 2019–20ರಲ್ಲಿ ಡೆಟ್ರಾಯಿಟ್ 71 ಪಂದ್ಯದಲ್ಲಿ ಬರೀ 17 ಗೆದ್ದು ಕಟ್ಟಕಡೆಗೆ ನಿಂತಿತ್ತು. ಆದರೂ ಸಿಕ್ಕಿದ್ದು 4ನೇ ಸರದಿ.

ಹೆಸರು ಕರೆದ ಹುಡುಗ ಮರುದಿನವೇ ಬಂದು ಆಡೋದಿಲ್ಲ. ಮತ್ತೆ ತನ್ನ ಜೂನಿಯರ್ ತಂಡಕ್ಕೋ, ಸ್ವೀಡನ್‌ಗೋ, ಕಾಲೇಜಿಗೋ ಹೋಗುತ್ತಾನೆ. ಆಮೇಲೆ ಗ್ರ್ಯಾಂಡ್ ರಾಪಿಡ್ಸ್ ಗ್ರಿಫಿನ್ಸ್, ಅದು ರೆಡ್ ವಿಂಗ್ಸ್‌ನ ಕೆಳಗಿನ ತಂಡ. ಎರಡು ವರ್ಷ ಆಗಬಹುದು, ಐದೂ ಆಗಬಹುದು. ಎರಡನೇ ಸುತ್ತಿನಿಂದ ಆಚೆ ಆರಿಸಿದ ಹುಡುಗರಲ್ಲಿ ಬಹುಪಾಲು ಜನ ಎನ್‌ಎಚ್‌ಎಲ್‌ನಲ್ಲಿ 100 ಪಂದ್ಯ ಕೂಡ ಆಡೋದಿಲ್ಲ. ಈ ಕಾಯೋ ಕಾಲದಲ್ಲೇ ನನ್ನಂಥವರು ಪಟ್ಟಿ ಮಾಡೋದು.

ಈಗ ನನ್ನ ತಪ್ಪಿಗೆ ಬರೋಣ. ಜದಿನಾನ ಹೆಸರು ಬಂದದ್ದು 6ನೇ ಸರದಿಯಲ್ಲಿ. ಅದಕ್ಕೆ ಮುಂಚಿನ ಸೀಸನ್‌ನಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಜೂನಿಯರ್ ತಂಡಕ್ಕೆ 57 ಪಂದ್ಯದಲ್ಲಿ 44 ಗೋಲು. "ನನ್ನನ್ನು ಬಿಟ್ಟು ಬೇರೆಯವರನ್ನು ಆರಿಸಿದ ತಂಡಗಳ ಗೋಲಿನ ತುಂಬ ಪಕ್ ತುಂಬಿಸ್ತೀನಿ" ಅಂತ ಹೇಳಿಯೂ ಇದ್ದ. ನಮಗೆ ಇನ್ನೇನು ಬೇಕು? ಆದರೆ ಜೂನಿಯರ್‌ನಲ್ಲಿ ಅವನಿಗೆ ಗುರಿ ಇಡೋಕೆ ಪುರುಸೊತ್ತು ಸಿಗುತ್ತಿತ್ತು. ಮೇಲಿನ ಆಟದಲ್ಲಿ ಅದೇ ಜಾಗಕ್ಕೆ ಅರ್ಧ ಸೆಕೆಂಡ್ ಮುಂಚೆ ಯಾರಾದರೂ ಬಂದು ನಿಂತಿರುತ್ತಾರೆ. ಹೊಡೆತ ಚೆನ್ನಾಗಿತ್ತು, ಹೊಡೆಯೋ ಜಾಗಕ್ಕೆ ತಲುಪೋ ವೇಗ ಇರಲಿಲ್ಲ. ನಾನು ಗೋಲು ಎಣಿಸಿದೆ, ಆ ಗೋಲು ಹೇಗೆ ಬಂತು ಅಂತ ನೋಡಲಿಲ್ಲ. 2023ರಲ್ಲಿ ಎರಡೂ ಕಡೆಯವರು ಒಪ್ಪಿ ಒಪ್ಪಂದ ಮುರಿದುಕೊಂಡರು. ಬರಬೇಕಿದ್ದ ದುಡ್ಡು ಬಿಟ್ಟು ಹೊರಟ ಅವನ ಧೈರ್ಯ ಮೆಚ್ಚಬೇಕು. ಸ್ಯಾನ್ ಹೋಸೆಯಲ್ಲಿ ಒಂದು ವರ್ಷ ಆಡಿ, ಆಮೇಲೆ ಸ್ವಿಟ್ಜರ್ಲೆಂಡ್‌ನ ದಾವೋಸ್‌ಗೆ ಹೋದ.

ಹೊಟ್ಟೆ ಉರಿಯೋ ವಿಷಯ ಅದಲ್ಲ. ಜದಿನಾನ ನಂತರ, 7ನೇ ಹೆಸರು ಕ್ವಿನ್ ಹ್ಯೂಸ್, ವ್ಯಾಂಕೂವರ್ ಪಾಲಾದ. ಆಗ ಅವನು ಆಡುತ್ತಿದ್ದದ್ದು ಮಿಶಿಗನ್ ವಿಶ್ವವಿದ್ಯಾಲಯಕ್ಕೆ, ಆ್ಯನ್ ಆರ್ಬರ್‌ನಲ್ಲಿ, ಡೆಟ್ರಾಯಿಟ್‌ನಿಂದ ಒಂದು ಗಂಟೆಯೂ ಆಗದ ದಾರಿ. 2024ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆಂಡರ್‌ಗೆ ಕೊಡೋ ನಾರಿಸ್ ಟ್ರೋಫಿ ಅವನಿಗೆ ಬಂತು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿಲ್ಲ ನಮ್ಮ ಹಿರಿಯರು.

(ಸ್ಕ್ರೀನ್ ಮೇಲೆ: 33 ಪಂದ್ಯ, 10 ಪಾಯಿಂಟ್)

ಇದು ಯಾರ ಲೆಕ್ಕ ಹೇಳಿ. ಗೋಲು ಹೊಡೆದರೂ ಒಂದು ಪಾಯಿಂಟ್, ಹೊಡೆಸಿದರೂ ಒಂದು ಪಾಯಿಂಟ್. 33 ಪಂದ್ಯಕ್ಕೆ ಹತ್ತೇ ಹತ್ತು. ನೋಡಿದರೆ ಯಾರೂ ಇಷ್ಟಪಡಲ್ಲ. ಇದು ಲೂಕಾಸ್ ರೇಮಂಡ್, ಮೇಲೆ ಹೇಳಿದ ಆ 4ನೇ ಸರದಿಯಲ್ಲಿ ಬಂದವನು, ಸ್ವೀಡನ್‌ನ ಫ್ರೊಲುಂಡಾ ತಂಡದಲ್ಲಿ ಆಡಿದ್ದು.

ಬೇರೆ ಬೇರೆ ಲೀಗ್‌ಗಳ ಪಾಯಿಂಟನ್ನು ಎನ್‌ಎಚ್‌ಎಲ್ ಅಳತೆಗೆ ತರೋಕೆ ಒಂದು ಗುಣಾಕಾರ ಇದೆ. ಕೆಳಗಿನ ಲೀಗ್‌ನಲ್ಲಿ ಆಡಿ ಮೇಲೆ ಬಂದ ಹಳೆಯ ಆಟಗಾರರ ಪಾಯಿಂಟ್ ಎಷ್ಟು ಇಳಿಯಿತು ಅಂತ ನೋಡಿ ಕಟ್ಟಿದ ಅಂಕಿ ಅದು. ಮಾಡೋರಿಂದ ಮಾಡೋರಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ಸ್ವೀಡನ್‌ನ ದೊಡ್ಡ ಲೀಗ್‌ಗೆ ಸುಮಾರು 0.6, ಕೆನಡಾದ ಜೂನಿಯರ್ ಲೀಗ್‌ಗಳಿಗೆ ಸುಮಾರು 0.3 ಅಂತ ಇಟ್ಟುಕೊಳ್ಳಿ. ರೇಮಂಡ್‌ನ ಹತ್ತು ಪಾಯಿಂಟನ್ನು ಹೀಗೆ ಗುಣಿಸಿ, ಆಗಿನ ಎನ್‌ಎಚ್‌ಎಲ್ ಸೀಸನ್‌ನ 82 ಪಂದ್ಯಕ್ಕೆ ಹಿಗ್ಗಿಸಿದರೆ ಬರೋದು ಸುಮಾರು 15. ಅವನು ಎನ್‌ಎಚ್‌ಎಲ್‌ಗೆ ಬಂದ ಮೊದಲ ವರ್ಷ ಮಾಡಿದ್ದು 57. 2024–25ರಲ್ಲಿ 80.

ಗುಣಾಕಾರ ಸುಳ್ಳಲ್ಲ, ಅದಕ್ಕೆ ಕೊಟ್ಟ ಅಂಕಿ ಅರೆಬೆಂದದ್ದು. ಆ ವರ್ಷ ರೇಮಂಡ್‌ನನ್ನು ಒಂದು ಪಂದ್ಯಕ್ಕೆ ಸುಮಾರು ಹತ್ತು ನಿಮಿಷವಷ್ಟೇ ಐಸ್ ಮೇಲೆ ಬಿಡುತ್ತಿದ್ದರು. ಮೂವತ್ತು ದಾಟಿದ ಗಂಡಸರ ನಡುವೆ 17 ವರ್ಷದ ಹುಡುಗ. ಹಾಗಾಗಿ ಪಾಯಿಂಟ್ ನೋಡೋ ಮುಂಚೆ ಎಷ್ಟು ಹೊತ್ತು ಆಡಿದ, ಯಾರ ಜೊತೆ ಆಡಿದ, ಎದುರಾಳಿಗೆ ಒಬ್ಬ ಕಮ್ಮಿ ಇದ್ದಾಗ ಬಂದ ಪಾಯಿಂಟ್ ಎಷ್ಟು, ಐದಕ್ಕೆ ಐದು ಇದ್ದಾಗ ಎಷ್ಟು, ಇವನ್ನೆಲ್ಲ ಕೇಳಲೇಬೇಕು.

ಮೋರಿಟ್ಸ್ ಸೈಡರ್ ಕಥೆಯೂ ಇದೇ ದಾರಿಯದು. ಜರ್ಮನಿಯ ಮ್ಯಾನ್‌ಹೈಮ್ ತಂಡದಲ್ಲಿ 29 ಪಂದ್ಯ, 6 ಪಾಯಿಂಟ್. 2019ರಲ್ಲಿ ಸ್ಟೀವ್ ಐಸರ್‌ಮನ್ ಅವರು ತಂಡದ ಜನರಲ್ ಮ್ಯಾನೇಜರ್ ಆಗಿ ಬಂದ ಮೇಲೆ ಮೊದಲ ಡ್ರಾಫ್ಟ್‌ನಲ್ಲಿ 6ನೇ ಸರದಿಗೆ ಇವನ ಹೆಸರು ಕರೆದರು. ಕ್ಯಾಮರಾ ಹುಡುಗನ ಮುಖಕ್ಕೆ ಹೋಯಿತು, ಅವನೇ ಬೆಚ್ಚಿಬಿದ್ದಿದ್ದ. ಟಿವಿ ಮುಂದೆ ನಾನು ಆಡಿದ ಮಾತನ್ನು ಇಲ್ಲಿ ಹೇಳೋ ಹಾಗಿಲ್ಲ. 2022ರಲ್ಲಿ ಸೈಡರ್ 50 ಪಾಯಿಂಟ್ ಮಾಡಿ, ವರ್ಷದ ಅತ್ಯುತ್ತಮ ಹೊಸ ಆಟಗಾರನಿಗೆ ಕೊಡೋ ಕಾಲ್ಡರ್ ಟ್ರೋಫಿ ತಗೊಂಡ. ಸ್ಕೌಟ್‌ಗಳು, ಅಂದರೆ ತಂಡಕ್ಕೆ ಹುಡುಗರನ್ನು ಹುಡುಕೋರು, ಅವನಲ್ಲಿ ನೋಡಿದ್ದು ಪಾಯಿಂಟ್ ಅಲ್ಲ. ಆರು ಅಡಿ ಮೂರು ಇಂಚಿನ, ಬಲಗೈ ಸ್ಟಿಕ್ ಹಿಡಿಯೋ ಡಿಫೆಂಡರ್, ಆ ವರ್ಷ ಚಾಂಪಿಯನ್ ಆದ ದೊಡ್ಡವರ ತಂಡದಲ್ಲಿ ಜಾಗ ಗಿಟ್ಟಿಸಿಕೊಂಡ ಹುಡುಗ. ಬಲಗೈ ಡಿಫೆಂಡರ್‌ಗಳು ಸಿಗೋದೇ ಕಮ್ಮಿ, ಅದಕ್ಕೆ ನನ್ನ ಪಟ್ಟಿಯಲ್ಲಿ ಅವರಿಗೆ ಈಗ ಒಂದು ಮೆಟ್ಟಿಲು ಜಾಸ್ತಿ.

ವಯಸ್ಸಿನ ಲೆಕ್ಕ ಬೇಗ ಮುಗಿಸುತ್ತೇನೆ. ಸೆಪ್ಟೆಂಬರ್ 15ಕ್ಕೆ 18 ತುಂಬಿರಬೇಕು, ಇಲ್ಲದಿದ್ದರೆ ಡ್ರಾಫ್ಟ್‌ಗೆ ಮುಂದಿನ ವರ್ಷ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನಕ್ಕೆ 2015ರ ಡ್ರಾಫ್ಟ್ ತಪ್ಪಿ, ಒಂದು ವರ್ಷ ಜೂರಿಕ್‌ನಲ್ಲಿ ಆಡಿ, 2016ರಲ್ಲಿ ಮೊದಲನೆಯವನಾಗಿ ಟೊರೊಂಟೊಗೆ ಹೋದ. ಒಂದೇ ಡ್ರಾಫ್ಟ್‌ನ ಇಬ್ಬರು ಹುಡುಗರ ನಡುವೆ ಸುಮಾರು ಒಂದು ವರ್ಷದ ಅಂತರ ಇರಬಹುದು. ಆ ವಯಸ್ಸಲ್ಲಿ ಒಂದು ವರ್ಷ ಅಂದ್ರೆ ನಾಲ್ಕು ಕೆಜಿ ಮೈ, ಒಂದಷ್ಟು ಬುದ್ಧಿ.

(ಸ್ಕ್ರೀನ್ ಮೇಲೆ: ಗೋಲ್‌ಕೀಪರ್ ಮಾಸ್ಕ್)

ಇನ್ನು ಗೋಲ್‌ಕೀಪರ್‌ಗಳು. ಇಲ್ಲಿನವರು ಅವರನ್ನು ಗೋಲಿ ಅಂತ ಕರೆಯುತ್ತಾರೆ. ನನಗೆ ಈಗಲೂ ಬೀದಿಯಲ್ಲಿ ಆಡಿದ ಗಾಜಿನ ಗೋಲಿಗಳೇ ನೆನಪಾಗೋದು.

2021ರಲ್ಲಿ ಡೆಟ್ರಾಯಿಟ್ ಒಂದು ವ್ಯಾಪಾರ ಮಾಡಿತು. ತನ್ನ 23, 48 ಮತ್ತು 138ನೇ ಸರದಿಗಳನ್ನು ಡಲ್ಲಸ್‌ಗೆ ಕೊಟ್ಟು 15ನೇ ಸರದಿ ತಗೊಂಡಿತು. ಅದರಲ್ಲಿ ಆರಿಸಿದ್ದು ಸೆಬಾಸ್ಟಿಯನ್ ಕಾಸಾನನ್ನು, ಆರೂವರೆ ಅಡಿಯ ಗೋಲ್‌ಕೀಪರ್. ಡಲ್ಲಸ್ ಆ 23ರಲ್ಲಿ ವೈಯಟ್ ಜಾನ್‌ಸ್ಟನ್‌ನನ್ನು ಆರಿಸಿತು. 2024–25ರಲ್ಲಿ ಜಾನ್‌ಸ್ಟನ್ 33 ಗೋಲು ಹೊಡೆದ. ಅದೇ ಸೀಸನ್‌ನ ಡಿಸೆಂಬರ್‌ನಲ್ಲಿ ಕಾಸಾ ತನ್ನ ಮೊದಲ ಎನ್‌ಎಚ್‌ಎಲ್ ಪಂದ್ಯ ಆಡಿದ, ಬಫಲೋ ಎದುರು, ಅದೂ ನಡುವೆ ಬದಲಿಯಾಗಿ ಬಂದು. ಗೆಲ್ಲಿಸಿದ, ನಿಜ.

ಇದನ್ನು ನೋಡಿ ಕಾಸಾ ದಂಡ ಅನ್ನೋದು ಸುಲಭ. ನಾನು ಅನ್ನೋದಿಲ್ಲ. ಗೋಲ್‌ಕೀಪರ್ ಹಲಸಿನ ಮರ ಇದ್ದ ಹಾಗೆ, ನೆಟ್ಟವರು ತಾಳ್ಮೆ ಇಟ್ಟುಕೊಂಡಿರಬೇಕು. ಆದರೆ ಒಂದು ತಂಡದಲ್ಲಿ ಅವರಿಗೆ ಇರೋದು ಎರಡೇ ಜಾಗ, ಹಣ್ಣಾಗೋಕೆ ಐದಾರು ವರ್ಷ. ಹಾಗಾಗಿ ಎಷ್ಟೇ ಚೆನ್ನಾಗಿ ಕಂಡರೂ ನಾನು ಅವರನ್ನು ಒಂದನೇ ನಂಬರ್‌ಗೆ ಹಾಕೋದಿಲ್ಲ. ಮಿಶಿಗನ್ ಸ್ಟೇಟ್ ಕಾಲೇಜು ತಂಡಕ್ಕೆ ಆಡಿದ ಟ್ರೇ ಆಗಸ್ಟೀನ್, ಅಮೆರಿಕ ತಂಡದ ಜೊತೆ 2024 ಮತ್ತು 2025ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದವನು, ಅವನಿಗೂ ಇದೇ ನಿಯಮ. ಜಗಳ ಆಡೋರು ಆಡಬಹುದು.

ಹಾಗಾದರೆ ಡ್ರಾಫ್ಟ್ ನಂಬರ್ ಅನ್ನೇ ನಂಬಿ ಕೂರೋಣವೇ? ರೆಡ್ ವಿಂಗ್ಸ್ ಅಭಿಮಾನಿಗೆ ಈ ಪ್ರಶ್ನೆ ಕೇಳಲೇಬಾರದು. ಪಾವೆಲ್ ಡಾಟ್ಸ್ಯುಕ್ 1998ರಲ್ಲಿ 171ನೆಯವನು. ಮೈ ಸಣ್ಣದು ಅಂತ ಅದಕ್ಕೆ ಮುಂಚೆ ಯಾರೂ ಮೂಸಿ ನೋಡಿರಲಿಲ್ಲ. ಹೆನ್ರಿಕ್ ಜೆಟರ್‌ಬರ್ಗ್ 1999ರಲ್ಲಿ 210ನೆಯವನು. 2008ರಲ್ಲಿ ಇಬ್ಬರೂ ಸೇರಿ ಲೀಗ್ ಚಾಂಪಿಯನ್‌ಗೆ ಕೊಡೋ ಸ್ಟಾನ್ಲಿ ಕಪ್ ಗೆದ್ದರು, ಜೆಟರ್‌ಬರ್ಗ್ ಪ್ಲೇಆಫ್‌ನ ಅತ್ಯುತ್ತಮ ಆಟಗಾರ. ಇದರ ಹಿಂದೆ ಇದ್ದವರು ಹೋಕನ್ ಆ್ಯಂಡರ್ಸನ್, ಯೂರೋಪಿನಲ್ಲಿ ತಂಡಕ್ಕೆ ಹುಡುಗರನ್ನು ಹುಡುಕುತ್ತಿದ್ದ ಸ್ಕೌಟ್. ಡಾಟ್ಸ್ಯುಕ್ ಸಿಕ್ಕಿದ್ದು ಅವರು ಬೇರೆ ಹುಡುಗನನ್ನು ನೋಡೋಕೆ ರಷ್ಯಾಕ್ಕೆ ಹೋದಾಗ.

ಆದರೆ ಡಾಟ್ಸ್ಯುಕ್ ಹೆಸರು ಹೇಳಿಕೊಂಡು ಆರನೇ, ಏಳನೇ ಸುತ್ತಿನ ಹುಡುಗರನ್ನೆಲ್ಲ ಮೇಲೆ ಹತ್ತಿಸೋದೂ ತಪ್ಪೇ. ಆ ಇಬ್ಬರ ಹೆಸರು ಇಪ್ಪತ್ತೈದು ವರ್ಷ ಆದ ಮೇಲೂ ಹೇಳುತ್ತಿದ್ದೇವೆ ಅಂದ್ರೆ ಅಂಥವರು ಎಷ್ಟು ಅಪರೂಪ ಅಂತ ಲೆಕ್ಕ ಹಾಕಿ.

2025ರ ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ, ಡೆಟ್ರಾಯಿಟ್‌ನ ಮೊದಲ ಪಂದ್ಯದಲ್ಲೇ ಮೂವರು ಹೊಸ ಹುಡುಗರು ಇಳಿದರು. ಆ್ಯಕ್ಸೆಲ್ ಸ್ಯಾಂಡಿನ್ ಪೆಲಿಕಾ, 17ನೆಯವನು. ನಾರ್ವೆಯ ಬ್ರ್ಯಾಂಡ್‌ಸೆಗ್ ನೀಗಾರ್ಡ್, 15ನೆಯವನು. ಇವರಿಬ್ಬರ ಹೆಸರು ಎಲ್ಲರ ಪಟ್ಟಿಯಲ್ಲೂ ಮೇಲಿತ್ತು. ಮೂರನೆಯವನು ಎಮಿಟ್ ಫಿನ್ನಿ, 2023ರ ಡ್ರಾಫ್ಟ್‌ನಲ್ಲಿ 201ನೆಯವನು. ನೇರ ಆಗಿನ ಕ್ಯಾಪ್ಟನ್ ಡಿಲನ್ ಲಾರ್ಕಿನ್ ಮತ್ತು ರೇಮಂಡ್ ಪಕ್ಕದಲ್ಲಿ, ಮೊದಲ ಸಾಲಿನಲ್ಲಿ. ಅದೇ 2023ರಲ್ಲಿ 9ನೆಯವನಾಗಿ ಬಂದ ನೇಟ್ ಡ್ಯಾನಿಯಲ್‌ಸನ್ ಗಾಯ ಮಾಡಿಕೊಂಡು ಹೊರಗೆ ಕೂತಿದ್ದ.

ನನ್ನ ಪಟ್ಟಿಯಲ್ಲಿ ಫಿನ್ನಿ ಎಲ್ಲಿದ್ದ? ಎರಡನೇ ಪುಟದಲ್ಲಿ.

(ಸ್ಕ್ರೀನ್ ಮೇಲೆ: ಹೊಸ ನೋಟ್‌ಬುಕ್, ನಂಬರ್ ಬದಲು ಮೂರು ಪೆಟ್ಟಿಗೆ)

ಅದಕ್ಕೇ ಈಗ ಒಂದು, ಎರಡು, ಮೂರು ಅಂತ ಬರೆಯೋದು ಬಿಟ್ಟಿದ್ದೇನೆ. ಏಳನೆಯವನಿಗೂ ಎಂಟನೆಯವನಿಗೂ ಇರೋ ವ್ಯತ್ಯಾಸ ದೇವರಿಗೇ ಗೊತ್ತು. ಬದಲಿಗೆ ಪ್ರತಿ ಹುಡುಗನ ಮುಂದೆ ಬರೆಯೋದು, ಮೇಲೆ ಹೋದರೆ ಇವನು ಯಾವ ಕೆಲಸ ಮಾಡುತ್ತಾನೆ, ಆ ಕೆಲಸಕ್ಕೆ ಬೇರೆಯವರು ಸುಲಭಕ್ಕೆ ಸಿಗುತ್ತಾರಾ, ಗೋಲು ಬರದ ದಿನ ಇವನನ್ನು ಕೋಚ್ ಆಡಿಸುತ್ತಾರಾ. ಈ ಕೊನೆಯ ಪ್ರಶ್ನೆ ಜದಿನಾನಿಂದ ಕಲಿತದ್ದು. ಫಿನ್ನಿ ಅದರಲ್ಲಿ ಪಾಸ್, ಪಕ್ ಹಿಂದೆ ನಾಯಿ ಬಿದ್ದ ಹಾಗೆ ಬೀಳುತ್ತಾನೆ.

ಈ ಉತ್ತರಗಳನ್ನು ನೋಡಿ ಹುಡುಗರನ್ನು ಮೂರು ಪೆಟ್ಟಿಗೆಗೆ ಹಂಚುತ್ತೇನೆ, ಹೆಚ್ಚು ಭರವಸೆ ಇರೋರು ಮೊದಲನೆಯದಕ್ಕೆ. ಅದರಲ್ಲಿ ಸದ್ಯ ಒಬ್ಬನೇ, ಸ್ಯಾಂಡಿನ್ ಪೆಲಿಕಾ. ಬಲಗೈ ಡಿಫೆಂಡರ್, ಕಾರಣ ಆಗಲೇ ಹೇಳಿದೆ. ಎರಡನೆಯದರಲ್ಲಿ ಡ್ಯಾನಿಯಲ್‌ಸನ್, ಬ್ರ್ಯಾಂಡ್‌ಸೆಗ್ ನೀಗಾರ್ಡ್, ಇಬ್ಬರು ಗೋಲ್‌ಕೀಪರ್‌ಗಳು, ಮತ್ತೆ 2025ರಲ್ಲಿ 13ನೆಯವನಾಗಿ ಬಂದ ಕಾರ್ಟರ್ ಬೇರ್. ಬೇರ್‌ನ ಹಿಮ್ಮಡಿಯ ಸ್ನಾಯುರಜ್ಜಿಗೆ ಪೆಟ್ಟಾಗಿತ್ತು, ಸ್ಕೇಟಿಂಗ್ ಮೊದಲಿನ ಹಾಗೆ ಬಂದಿದೆಯಾ ಅಂತ ನೋಡದೆ ಅವನನ್ನು ಮೇಲೆ ಹತ್ತಿಸಲಾರೆ. ಫಿನ್ನಿಯನ್ನೂ ಅಲ್ಲೇ ಹಾಕಿದ್ದೇನೆ, ಪೆನ್ಸಿಲ್‌ನಲ್ಲಿ. ಉಳಿದವರೆಲ್ಲ ಮೂರನೆಯದರಲ್ಲಿ.

ಶುಕ್ರವಾರ ಗ್ರ್ಯಾಂಡ್ ರಾಪಿಡ್ಸ್‌ಗೆ ಹೋಗುತ್ತಿದ್ದೇನೆ, ಎರಡೂವರೆ ಗಂಟೆ ಡ್ರೈವ್. ಅವತ್ತು ಕಾಸಾನನ್ನೇ ನಿಲ್ಲಿಸುತ್ತಾರೋ ಇಲ್ಲವೋ, ಹೋದಮೇಲೇ ಗೊತ್ತಾಗೋದು. ಬುತ್ತಿ ಕಟ್ಟಿಕೊಂಡು ಹೋಗಿ, ನೋಡಿ ಬಂದು ಹೇಳುತ್ತೇನೆ.